ತಗಡಿನ ಮನೆಗೆ ಒಂದು ಅಂಕಣ ಹುಲ್ಲು

ತಗಡು ಹಾಕಿಸುವ ಮುಂಚೆ ನಾನು ಕೇಳದೆ ಬಿಟ್ಟ ಪ್ರಶ್ನೆಯೇ ಇಲ್ಲ ಎಂದುಕೊಂಡಿದ್ದೆ. ಬಿಸಿಲಿಗೆ ಎಷ್ಟು ಕಾಯುತ್ತದೆ, ಮಳೆಗೆ ಎಷ್ಟು ಸದ್ದು ಮಾಡುತ್ತದೆ, ಗಾಳಿಗೆ ಕಿತ್ತುಕೊಂಡು ಹೋಗುತ್ತದೆಯೇ, ಎಷ್ಟು ವರ್ಷಕ್ಕೆ ತುಕ್ಕು ಹಿಡಿಯುತ್ತದೆ, ಎಲ್ಲ ಕೇಳಿದೆ. ಮುಳಬಾಗಿಲಿನ ಸಂತೆಯಲ್ಲಿ ಕೇಳಿದೆ, ಕೋಲಾರದ ಅಂಗಡಿಯಲ್ಲಿ ಕೇಳಿದೆ. ನನ್ನ ಅಕ್ಕನನ್ನು ಮಾಲೂರಿನಲ್ಲಿ ರೈಲ್ವೆ ಕೆಲಸದವರಿಗೆ ಕೊಟ್ಟಿದ್ದರು. ಅವಳ ಮನೆ ತಗಡಿನದು. ಚಿತ್ರಾನ್ನ ತಿನ್ನಲು ಬಂದವಳಂತೆ ಅಲ್ಲಿಗೆ ಹೋಗಿ, ನಡುಮಧ್ಯಾಹ್ನ ಬೇಕೆಂದೇ ಅವಳ ಅಡುಗೆಮನೆಯಲ್ಲಿ ಕೂತು ಬೆವರಿ ನೋಡಿದೆ. "ನಿಂಗೇನು ಹುಚ್ಚು ಹಿಡಿದಿದೆಯೇನೇ, ಆಚೆ ಜಗಲಿ ಮೇಲೆ ಗಾಳಿ ಬೀಸ್ತಿದೆ ಬಾರೇ" ಎಂದಳು ಅಕ್ಕ. ನಾನು ಕದಲಲಿಲ್ಲ. ತಡೆದುಕೊಳ್ಳಬಹುದಾದ ಸೆಕೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಊರಿಗೆ ಬಂದೆ.

ನಮ್ಮೂರು ಮುಳಬಾಗಿಲಿನಿಂದ ಬೈರಕೂರಿಗೆ ಹೋಗುವ ದಾರಿಯಲ್ಲಿ. ನನ್ನದು ಮೂರು ಅಂಕಣದ ಹುಲ್ಲಿನ ಮನೆ. ಮುಂದೆ ಪಡಸಾಲೆ, ನಡುವೆ ಕಾಳುಕಡ್ಡಿ ಇಡುವ ಜಾಗ, ಹಿಂದೆ ಅಡುಗೆ. ಮದುವೆಯಾದ ನಾಲ್ಕನೆಯ ವರ್ಷಕ್ಕೆ ಯಜಮಾನರು ತೀರಿಕೊಂಡರು. ಮಕ್ಕಳಾಗಿರಲಿಲ್ಲ. ಶ್ರೀನಿವಾಸಪುರದ ಕಡೆಯಿಂದ ತವರಿನವರು ಗಾಡಿ ಕಟ್ಟಿಕೊಂಡು ಬಂದು ಕರೆದರು. ಹೋಗಲಿಲ್ಲ. ತಮ್ಮನ ಹೆಂಡತಿಯ ಒಲೆಯ ಮುಂದೆ ಕೂತು ಉಣ್ಣುವುದಕ್ಕಿಂತ ನನ್ನ ಒಲೆಯ ಮುಂದೆ ಒಬ್ಬಳೇ ಕೂರುತ್ತೇನೆ ಎಂದುಬಿಟ್ಟೆ. ಹೇಳುವಾಗ ಗತ್ತಿನಿಂದಲೇ ಹೇಳಿದೆ. ಒಬ್ಬಳಿಗಾಗಿ ಮುದ್ದೆ ಮಾಡುವುದು ಎಂಥ ಬೇಸರದ ಕೆಲಸವೆಂದು ಆಗ ಗೊತ್ತಿರಲಿಲ್ಲ. ಅಷ್ಟು ಚೂರು ಹಿಟ್ಟಿನಲ್ಲಿ ಕೋಲು ನೆಟ್ಟಗೆ ತಿರುಗುವುದೇ ಇಲ್ಲ, ಗಂಟು ಗಂಟಾಗುತ್ತದೆ.

ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಊರಿನ ಹುಲ್ಲಿನ ಮನೆಗಳಿಗೆಲ್ಲ ಹೊಸ ಹುಲ್ಲು ಹೊದಿಸುತ್ತಿದ್ದರು. ಅದಕ್ಕೆ ಕೂಲಿ ಇಲ್ಲ, ಮುಯ್ಯಾಳು. ಇವತ್ತು ನೀವು ನಮ್ಮ ಮನೆಗೆ ಬಂದು ದುಡಿದರೆ ನಾಳೆ ನಾವು ನಿಮ್ಮ ಮನೆಗೆ ಬಂದು ದುಡಿದು ತೀರಿಸಬೇಕು. ನನ್ನ ಮನೆಯ ಸರದಿಗೆ ಎಂಟು ಆಳು ಬರುತ್ತಿದ್ದರು. ಹಳೆಯ ಹುಲ್ಲು ಕಿತ್ತು ಕೆಳಗೆ ಎಸೆಯುವವರು, ಮೇಲೆ ಬಿದಿರಿನ ಗಳು ಬಿಗಿಯುವವರು, ಕೆಳಗಿನಿಂದ ಕಟ್ಟು ಕೊಡುವವರು. ಮನೆ ತುಂಬ ದೂಳು, ಬೈಗುಳ, ನಗು. ನಾನು ನೆನೆಸಿದ ಕತ್ತಾಳೆ ನಾರಿನ ಹಗ್ಗ ಎತ್ತಿ ಕೊಡುತ್ತ ನಡುನಡುವೆ ಒಳಗೆ ಓಡಿ ಒಲೆ ನೋಡಬೇಕು. ಅಟ್ಟದ ಮೇಲಿದ್ದ ದೊಡ್ಡ ಪಾತ್ರೆ ಕೆಳಗಿಳಿಯುತ್ತಿದ್ದುದು ಆ ಒಂದು ದಿನ ಮಾತ್ರ. ಅದರಲ್ಲಿ ಕೋಲು ಹಾಕಿ ಎರಡು ಕೈಯಲ್ಲೂ ಹಿಟ್ಟು ತಿರುವುವಾಗ ತೋಳು ಬಿದ್ದುಹೋಗುತ್ತಿತ್ತು. ನನಗೆ ಆ ದಿನವೆಂದರೆ ಬಹಳ ಇಷ್ಟ. ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೇ ಹೇಳಿಕೊಂಡಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಬೇಸಿಗೆ ಮೊದಲಿನ ಮಾತು. ನಾನು ಗೋಡೆಯ ಮಗ್ಗುಲಲ್ಲಿ ಹುಲ್ಲಿನ ಕಟ್ಟು ಹಿಡಿದು ನಿಂತಿದ್ದೆ. ಮೇಲಿದ್ದವರಿಗೆ ಕಾಣುತ್ತಿರಲಿಲ್ಲ. ಪಕ್ಕದ ಮನೆಯಾತ, ನಾನು ಅಣ್ಣ ಎಂದು ಕರೆಯುತ್ತಿದ್ದವನು, ಹಗ್ಗ ಬಿಗಿಯುತ್ತ ತನ್ನ ತಮ್ಮನಿಗೆ ಹೇಳಿದ:

"ವರ್ಷಾ ವರ್ಷಾ ಇದೊಂದು ತಲೆನೋವು ಕಣೋ. ಎಂಟಾಳು ಬಂದು ದುಡೀತೀವಿ, ಈ ಮನೆಯಿಂದ ತಿರುಗಿ ಬರೋದು ಒಂದೇ ಆಳು."

"ಸುಮ್ನಿರಣ್ಣೋ, ಹುರುಳಿ ಸಾರು ಚೆನ್ನಾಗಿರ್ತೈತಲ್ಲ" ಎಂದು ತಮ್ಮ ನಕ್ಕ.

ಎರಡು ಮಾತೂ ನನ್ನ ಕಿವಿಗೆ ಬಿದ್ದವು. ಮೊದಲನೆಯದನ್ನು ಮಾತ್ರ ಇಟ್ಟುಕೊಂಡೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ಮೈ ಉರಿಯಿತು. ಆವತ್ತು ಅವನ ತಟ್ಟೆಗೆ ಸಾರು ಬಡಿಸುವಾಗ ಸೌಟು ಕುಕ್ಕಿದೆ. ಅವನಿಗೆ ಯಾಕೆಂದು ತಿಳಿಯಲಿಲ್ಲ.

ಆಮೇಲೆಯೇ ನಾನು ತಗಡಿನ ವಿಚಾರಕ್ಕೆ ಬಿದ್ದದ್ದು. ಹಂಚು ಹಾಕಿಸೋಣವೆಂದರೆ ನನ್ನ ಮಣ್ಣಿನ ಗೋಡೆ ಆ ಭಾರ ಹೊರುವಂತಿರಲಿಲ್ಲ. ತಗಡು ಹಗುರ. ಅದಕ್ಕೆ ಬೆಂಕಿಯ ಭಯವಿಲ್ಲ, ಚೇಳು ಬೀಳುವುದಿಲ್ಲ, ಇಲಿ ಗೂಡು ಕಟ್ಟುವುದಿಲ್ಲ, ಮತ್ತೆ ಯಾರ ಮನೆಯ ಬಾಗಿಲಿಗೂ ಹೋಗಿ ಆಳು ಕೇಳಬೇಕಾಗಿಲ್ಲ. ಕಾಸಿನ ಸರ ಮಾರಿ ಕೋಲಾರದಿಂದ ಗಾಡಿಯಲ್ಲಿ ತರಿಸಿದೆ. ದೇವರಾಯಸಮುದ್ರದ ಬಡಗಿ ಬಂದು ಎರಡೇ ದಿನದಲ್ಲಿ ಹೊಡೆದು ಹೋದ.

ಪಕ್ಕದ ಮನೆಯಾತನ ತಾಯಿ, ತೆಲುಗಿನ ಮುದುಕಿ, ಬೀದಿಯಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿತು. "ಎಂದುಕಮ್ಮಾ ನೀಕು ಈ ರೇಕುಲು?" ಎಂದಿತು. ನಿನಗೆ ಯಾಕಮ್ಮಾ ಈ ತಗಡು ಎಂದು.

"ಯಾರಿಗೂ ಭಾರ ಆಗ್ಬಾರ್ದು ಅಂತ ಅವ್ವಾ."

"ಭಾರ ಅಂತ ಯಾರಮ್ಮಾ ಅಂದಿದ್ದು?"

ಮಗ ಪಕ್ಕದಲ್ಲೇ ನಿಂತಿದ್ದ. ನಾನು ಅವನ ಮುಖ ನೋಡಿ ಒಳಗೆ ಹೋದೆ. ಗೆದ್ದೆ ಎಂದುಕೊಂಡೆ.

ಮೊದಲ ಮಳೆ ಬಂದಾಗ ಒಂದು ಹನಿಯೂ ಸೋರಲಿಲ್ಲ. ಸದ್ದಿನಲ್ಲಿ ಬೀದಿಯ ಮಾತು, ದನದ ಗಂಟೆ ಯಾವುದೂ ಕೇಳಲಿಲ್ಲ. ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಕಿವಿ ಗುಂಯ್‌ಗುಟ್ಟುತ್ತಿತ್ತು. ಅದಕ್ಕೂ ಹೊಂದಿಕೊಂಡೆ.

ಮುಂದಿನ ಬೇಸಿಗೆಯಲ್ಲಿ ಗಾಡಿಗಳು ಬೆಟ್ಟದ ಕಡೆಯಿಂದ ಹುಲ್ಲು ಹೇರಿಕೊಂಡು ಬಂದವು. ನನ್ನ ಮನೆಯ ಮುಂದೆ ಒಂದೂ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಆದರೆ ಬೇರೆ ಮನೆಗಳಿಗೆ ನನ್ನನ್ನು ಕರೆಯುತ್ತಾರೆ ಎಂದುಕೊಂಡಿದ್ದೆ. ಯಾರೂ ಕರೆಯಲಿಲ್ಲ. ಪಕ್ಕದ ಮನೆಯ ಮೇಲೆ ಆಳು ಹತ್ತಿದ ದಿನ ತಡೆಯಲಾರದೆ, ನಾನೇ ನಾರು ನೆನೆಸಿ ಹಗ್ಗದ ಸಿಂಬಿ ಹೆಗಲಿಗೆ ಹಾಕಿಕೊಂಡು ಹೋದೆ.

"ನೀನ್ಯಾಕಮ್ಮಾ ಬಂದೆ?" ಎಂದ ಅಣ್ಣ. ಮಾತಿನಲ್ಲಿ ಸಿಟ್ಟಿರಲಿಲ್ಲ. "ನಿನ್ನ ಆಳು ಇಸ್ಕೊಂಡ್ರೆ ನಾವು ಹೆಂಗೆ ತೀರ್ಸೋದು? ನಿಂದು ತಗಡಿನ ಮನೆ."

"ತೀರಿಸೋದು ಬೇಡ ಬಿಡಣ್ಣ. ಹಂಗೇ ಮಾಡ್ತೀನಿ."

"ಒಂಟಿ ಹೆಣ್ಣುಮಗಳ ಕೈಲಿ ಪುಕ್ಕಟೆ ದುಡಿಸ್ಕೊಂಡ್ರೆ ನಮಗೆ ಮರ್ಯಾದೆ ಬೇಡ್ವಾ? ಹೋಗಮ್ಮ, ನೆರಳಲ್ಲಿ ಕೂತ್ಕೊ. ನಮ್ಮಿಂದ ನಿಂಗೆ ಏನೂ ಆಗ್ಬೇಕಾಗಿಲ್ಲ ಈಗ."

ಗೌರವದಿಂದಲೇ ಹೇಳಿದ. ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆ ಯಾವುದೆಂದು ಆಗ ಗೊತ್ತಾಯಿತು. ಆ ತಗಡಿನ ಅಡಿಯಲ್ಲಿ ಮೂರು ಬೇಸಿಗೆ ಕಳೆದೆ. ಹಬ್ಬಕ್ಕೆ ಎಲೆ ಅಡಿಕೆ ಕೊಡುತ್ತಿದ್ದರು, ಬಾವಿಯ ಹತ್ತಿರ ಮಾತಾಡಿಸುತ್ತಿದ್ದರು, ಯಾರೂ ಕೆಟ್ಟವರಾಗಲಿಲ್ಲ. ನನ್ನ ಮನೆಯೊಳಗೆ ಮಾತ್ರ ಯಾರಿಗೂ ಕೆಲಸವಿರಲಿಲ್ಲ. ಸಂಜೆ ತಣ್ಣಗಾಗುವಾಗ ತಗಡು ಟಕ್ ಎನ್ನುತ್ತಿತ್ತು. ಯಾರೋ ಬಾಗಿಲು ತಟ್ಟಿದರೆಂದು ಎದ್ದು ಹೋಗಿ ಅಗುಳಿ ತೆಗೆದು ಬೀದಿ ನೋಡಿದ್ದುಂಟು, ಒಂದು ಸಲವಲ್ಲ. ಆಮೇಲೆ ಸದ್ದು ಯಾವುದೆಂದು ಚೆನ್ನಾಗಿ ತಿಳಿದ ಮೇಲೂ ಎದ್ದು ಹೋಗುತ್ತಿದ್ದೆ. ನಾಚಿಕೆಯಾಗುತ್ತದೆ ಹೇಳಿಕೊಳ್ಳಲು, ಆದರೆ ಹೋಗುತ್ತಿದ್ದೆ.

ನಾಲ್ಕನೆಯ ಬೇಸಿಗೆಗೆ ಅದೇ ಬಡಗಿಯನ್ನು ಕರೆಸಿ ಅಡುಗೆ ಅಂಕಣದ ತಗಡು ಕೀಳಿಸಿ ಹಿತ್ತಲ ಗೋಡೆಗೆ ಒರಗಿಸಿದೆ. ಆಮೇಲೆ ಪಕ್ಕದ ಮನೆಗೆ ಹೋದೆ. ಆ ಹತ್ತು ಹೆಜ್ಜೆ ನಡೆಯುವುದಕ್ಕೆ ಮಾಲೂರಿಗೆ ಹೋಗಿ ಬಂದಷ್ಟು ಆಯಾಸವಾಯಿತು.

"ಅಣ್ಣಾ, ಅಡುಗೆ ಅಂಕಣಕ್ಕೆ ಹುಲ್ಲು ಹೊದಿಸ್ಬೇಕು. ಆಳು ಬೇಕು."

ಅವನು ಕಣ್ಣರಳಿಸಿದ. "ಯುದ್ಧದ ಕಾಲ್ದಲ್ಲಿ ತಗಡು ಕಣ್ಣಿಗೂ ಬೀಳ್ತಿಲ್ಲ, ನೀನು ಇರೋದನ್ನ ಕೀಳಿಸ್ತೀಯಾ? ಯಾಕಮ್ಮಾ?"

"ಸೆಕೆ ಅಣ್ಣಾ. ಒಲೆ ಮುಂದೆ ಕೂರೋಕಾಗಲ್ಲ."

ಬುದ್ಧಿ ಕೆಟ್ಟಿದೆ ಎಂದು ಊರು ನಕ್ಕಿರಬೇಕು. ನಾನು ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಹಿತ್ತಲಲ್ಲಿ ಒಲೆ ಹೂಡಿ, ಎಂಟು ಆಳಿಗೆ ಎಸರಿಟ್ಟೆ.

ಬಂದವರು ಇಬ್ಬರು. ಅಣ್ಣ ಮತ್ತು ಅವನ ತಮ್ಮ. ಒಂದು ಅಂಕಣಕ್ಕೆ ಎಂಟು ಆಳು ಯಾಕೆ ಬೇಕು? ಅಷ್ಟು ಲೆಕ್ಕ ನನಗೆ ಹೊಳೆದಿರಲಿಲ್ಲ. ಹಿಟ್ಟು ಬೇಯುವುದಕ್ಕೆ ಮೊದಲೇ ಅವರ ಕೆಲಸ ಮುಗಿದಿತ್ತು. ಕೈ ತೊಳೆದು ಗೋಡೆಗೆ ಒರಗಿ ಕಾದರು, ಒಂದೊಂದು ಮುದ್ದೆ ಉಂಡರು, ಸಾರು ಚೆನ್ನಾಗಿದೆ ಎಂದರು, ಹೊಲದಲ್ಲಿ ಕೆಲಸವಿದೆ ಎಂದು ಎದ್ದು ಹೋದರು. ಏಳು ಮುದ್ದೆ ಉಳಿದವು. ಒಂದು ನಾನು ಉಂಡೆ, ಉಳಿದವನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿದೆ. ಆಮೇಲೆ ಹೊಸ ಹುಲ್ಲಿನ ಕೆಳಗೆ ಕೂತು ಅತ್ತೆ. ಹೊಗೆ ಕಣ್ಣಿಗೆ ಬಿತ್ತು ಎಂದು ಸುಳ್ಳು ಹೇಳುವುದಕ್ಕೂ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಒಲೆ ಹಚ್ಚಿ ನನ್ನ ಚಿಕ್ಕ ಪಾತ್ರೆ ಇಟ್ಟಿದ್ದೆ. ಬೀದಿಯಿಂದ ಅಣ್ಣನ ಗಂಟಲು ಕೇಳಿಸಿತು. ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

"ಏನಮ್ಮಾ, ಇನ್ನೂ ಒಳಗೇ ಕೂತಿದ್ದೀಯಾ? ನಮ್ಮನೆ ಮೇಲೆ ಆಳು ಹತ್ತಿದ್ದಾಯ್ತು. ನೀನು ನಮಗೆ ಎರಡಾಳು ಕೊಡ್ಬೇಕು, ಮರೆತುಬಿಟ್ಯಾ?"

ಬಾಗಿಲಿಗೆ ಬಂದೆ. "ಇರೋದು ನಾನೊಬ್ಬಳು. ಎರಡಾಳು ಎಲ್ಲಿಂದ ತರ್ಲಿ?"

"ಹಂಗಾದ್ರೆ ಎರಡು ದಿನ ಬಾ" ಎಂದ. ತಿರುಗಿ ಹೋಗುತ್ತ, ನನಗೆ ಕೇಳಿಸುವಂತೆಯೇ, "ಇದೊಂದು ತಲೆನೋವು" ಎಂದು ಗೊಣಗಿದ.

ಒಳಗೆ ಹೋಗಿ, ಒಲೆಯ ಮೇಲಿದ್ದ ಒಬ್ಬಳ ಎಸರು ಇಳಿಸಿದೆ. ಹಗ್ಗದ ಸಿಂಬಿ ಹೆಗಲಿಗೆ ಹಾಕಿಕೊಂಡು, ಬಾಗಿಲು ಮುಂದಕ್ಕೆಳೆದು ಹೊರಟೆ.