ನುಂಗದ ಮಾತ್ರೆ

ಲಿಫ್ಟಣ್ಣ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಎನ್ನುವುದು ಶುದ್ಧ ಸುಳ್ಳು. ಅವನು ಬೆಣ್ಣೆಗೆ ಬ್ರೆಡ್ಡು ಅಂಟಿಸುತ್ತಿದ್ದ. ಊರಿನ ಲಿಫ್ಟುಗಳೆಲ್ಲ ಅವನ ಕೆಮ್ಮು ಕೇಳಿದರೆ ಸಾಕು, ತಾವಾಗಿಯೇ ಬಾಗಿಲು ತೆರೆಯುತ್ತಿದ್ದವಂತೆ. ಇಡೀ ಆಯುಷ್ಯ ಲಿಫ್ಟು ರಿಪೇರಿ ಮಾಡಿದವನು ಒಂದೇ ಒಂದು ನಿಯಮವನ್ನು ಮೀರಿದವನಲ್ಲ: ಕೆಟ್ಟಿದ್ದನ್ನು ಸರಿ ಮಾಡು, ಓಡುತ್ತಿರುವುದಕ್ಕೆ ಕೈ ಹಾಕಬೇಡ.

ಒಂದು ದಿನ ಅವನ ಹೃದಯವೇ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿತು. ಕಟ್ಟಿಕೊಂಡಿದ್ದ ರಕ್ತನಾಳಕ್ಕೆ ಡಾಕ್ಟರಮ್ಮ ಸ್ಟೆಂಟ್ ಹಾಕಿ, ಕೊಲೆಸ್ಟ್ರಾಲ್ ಇಳಿಸಲು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಲಿಫ್ಟಣ್ಣ ಬೆಣ್ಣೆ ಬಿಟ್ಟ, ನಡೆದ, ಮಾತ್ರೆ ನುಂಗಿದ. ಮುಂದಿನ ಪರೀಕ್ಷೆಯ ಹೊತ್ತಿಗೆ ಕೊಲೆಸ್ಟ್ರಾಲ್ ಸೊಂಟ ಮುರಿದುಕೊಂಡು ಕೆಳಗೆ ಬಿದ್ದಿತ್ತು.

ಸರಿ, ರಿಪೇರಿ ಮುಗಿಯಿತು ಎಂದುಕೊಂಡ. ಅಂದಿನಿಂದ, ಊಟವಾದ ಮೇಲೆ ಹೆಂಡತಿ ಅಂಗೈಗೆ ಹಾಕಿದ ಮಾತ್ರೆ ಅವನ ಕೆನ್ನೆಯೊಳಗೆ ಅಡಗಿ, ಕೈ ತೊಳೆಯುವ ನೆಪದಲ್ಲಿ ಬಚ್ಚಲು ಸೇರತೊಡಗಿತು. ಆ ಬೀದಿಯ ಮೋರಿಯ ಇಲಿಗಳಿಗೆ ಹೃದಯದ ಕಾಯಿಲೆಯೇ ಇಲ್ಲದಂತಾಯಿತು.

ಚಳಿಗಾಲ ಕಳೆದು ಮತ್ತೆ ರಕ್ತ ಪರೀಕ್ಷೆ. ವರದಿ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

“ಕೆಟ್ಟ ಕೊಲೆಸ್ಟ್ರಾಲ್ ಮತ್ತೆ ಮೇಲಕ್ಕೆ ಹೋಗಿದೆ. ಹೀಗೇ ಬಿಟ್ರೆ ಇನ್ನೊಂದ್ಸಲ ಹಾರ್ಟ್ ಅಟ್ಯಾಕ್ ಆಗ್ಬಹುದು. ಮಾತ್ರೆ ತಪ್ಪದೆ ತಗೋತಿದ್ದೀರಲ್ಲ?”

“ಓಹೋ, ದಿನಾ!” ಎಂದ ಲಿಫ್ಟಣ್ಣ.

“ಹಾಗಾದ್ರೆ ಇದೊಂದೇ ಸಾಲ್ತಿಲ್ಲ. ಇನ್ನೊಂದು ಔಷಧಿ ಸೇರಿಸ್ಬೇಕು.”

ಲಿಫ್ಟಣ್ಣ ಚಾವಣಿ ನೋಡಿದ. ಪಕ್ಕದಲ್ಲಿ ಹೆಂಡತಿಯ ದನಿ ಸಣ್ಣಗಾಯಿತು. “ತಪ್ಪು ನಂದೇ ಡಾಕ್ಟ್ರೇ. ಅಡುಗೆಗೆ ಎಣ್ಣೆ ಜಾಸ್ತಿ ಹಾಕಿರ್ಬೇಕು ನಾನು. ಇವ್ರು ಪಾಪ, ಬಡಿಸಿದ್ದು ತಿಂತಾರೆ.”

ಹತ್ತನೇ ಮಹಡಿಯಲ್ಲಿ ನೇತಾಡುವಾಗಲೂ ಬೆವರದ ಮನುಷ್ಯ, ಆ ಮಾತಿಗೆ ಒಂದು ಕೆರೆ ತುಂಬುವಷ್ಟು ಬೆವರಿದ.

“ಅವಳದ್ದೇನೂ ತಪ್ಪಿಲ್ಲ ಡಾಕ್ಟ್ರೇ. ನಾನೇ ಮಾತ್ರೆ ಉಗೀತಿದ್ದೆ. ನಂಬರ್ ಸರಿಹೋಯ್ತಲ್ಲ, ಇನ್ನೇಕೆ ಅಂತ…”

“ಸರಿಹೋಗಿದ್ದೇ ಆ ಮಾತ್ರೆಯಿಂದ!” ಎಂದರು ಡಾಕ್ಟರಮ್ಮ.

ಹೆಂಡತಿ ಗಂಡನ ಕಡೆ ಪೂರಾ ತಿರುಗಿ ಕೂತಳು. “ಏನ್ರೀ, ಲಿಫ್ಟು ಅಲ್ಲಾಡದೆ ನಿಂತಿದೆ ಅಂತ ಅದರ ಬ್ರೇಕ್ ಬಿಚ್ಚಿ ಜೇಬಿಗೆ ಹಾಕ್ಕೋತೀರಾ?”

ಡಾಕ್ಟರಮ್ಮ ನಗು ತಡೆದುಕೊಂಡು, ಚೀಟಿಯಲ್ಲಿ ಆಗಲೇ ಬರೆದಿದ್ದ ಹೊಸ ಔಷಧಿಯ ಹೆಸರನ್ನು ಹೊಡೆದುಹಾಕಿದರು. “ಸದ್ಯಕ್ಕೆ ಹಳೇದೇ ಇರ್ಲಿ. ಆದ್ರೆ ಹೊಟ್ಟೆಗೆ ಹೋಗ್ಬೇಕು. ಎರಡು ತಿಂಗಳು ಬಿಟ್ಟು ನೋಡೋಣ.”

ಅಂದು ಊಟವಾದ ಮೇಲೆ ಹೆಂಡತಿ ಮಾತ್ರೆ, ನೀರು ಕೊಟ್ಟು, ಅವನ ಕೆಲಸದ ಟಾರ್ಚನ್ನೇ ಹಿಡಿದು ನಿಂತಳು.

“ಆ ಅನ್ನಿ. ನಾಲಿಗೆ ಎತ್ತಿ. ಎಡಗೆನ್ನೆ.”

“ನುಂಗಿದೀನಿ ಕಣೇ, ನಂಬು.”

“ನಂಬಿದ್ದಾಯ್ತು. ಬಲಗೆನ್ನೆ.”