ಅವನು ಕೇಳದ ಚಹಾ

ಪುತ್ತೂರಿನ ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು ತಲೆಬುಡವಿಲ್ಲದ ಮಾತುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಜೋರು ಮಳೆಯೆಂದರೆ ಆಕಾಶದಿಂದ ಬೆಕ್ಕು, ನಾಯಿಗಳು ಬೀಳಬೇಕು. ಸತ್ತವನು ಬಕೆಟಿಗೆ ಒದ್ದಿರಬೇಕು. ನಾವು ಹುಡುಗಿಯರು ತಲೆತಗ್ಗಿಸಿ ನಗುತ್ತಿದ್ದೆವು. ನಗುತ್ತಲೇ ಕಲಿತೂ ಬಿಟ್ಟೆವು.

ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಪುತ್ತೂರಿನ ಹತ್ತಿರದ ಸವಣೂರಿನ ನಮ್ಮ ಮನೆಗೆ ನನ್ನನ್ನು ನೋಡಲು ಒಬ್ಬ ಬಂದ. ಮಂಗಳೂರಿನಲ್ಲಿ ಬ್ಯಾಂಕಿನ ಗುಮಾಸ್ತ. ಜೊತೆಗೆ ಅವನ ಗೆಳೆಯ, ಸಂಬಂಧ ತಂದ ನನ್ನ ದೂರದ ಮಾವ. ನಾನು ಕಾಫಿ ತಂದಿಟ್ಟೆ. ಸಂತೆಯಲ್ಲಿ ಸೌತೆಕಾಯಿ ನೋಡುವ ಹಾಗೆ ನನ್ನನ್ನು ನೋಡಿ, ಅವನು ಗೆಳೆಯನತ್ತ ತಿರುಗಿದ. ನನ್ನೆದುರಿಗೇ, "ನಾಟ್ ಮೈ ಕಪ್ ಆಫ್ ಟೀ" ಎಂದ. ಗೆಳೆಯ ಕಿಸಕ್ಕನೆ ನಕ್ಕ.

ಅಪ್ಪನಿಗೆ ಇಂಗ್ಲಿಷ್ ಬಾರದು. ಕೊನೆಯ ಶಬ್ದ ಮಾತ್ರ ತಿಳಿಯಿತು. "ಇವರಿಗೆ ಕಾಫಿ ಆಗುದಿಲ್ಲ ಕಾಣ್ತದೆ, ಚಾ ಮಾಡು" ಎಂದು ಒಳಗೆ ಕೂಗಿದರು. ನಮ್ಮಲ್ಲಿ ಚಾ ಹುಡಿ ಇರಲಿಲ್ಲ. ಅಮ್ಮ ಹಿಂಬಾಗಿಲಿನಿಂದ ರಸ್ತೆ ಬದಿಯ ಬ್ಯಾರಿಯವರ ಅಂಗಡಿಗೆ ಓಡಿದಳು. ಅವಳು ಬಿಸಿಲಲ್ಲಿ ಓಡುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಅದನ್ನು ನೋಡುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ಅಪ್ಪ, ಇವರು ಚಾ ಕೇಳಿದ್ದಲ್ಲ. ನಾನು ಹಿಡಿಸಲಿಲ್ಲ ಅಂತ ಹೇಳಿದ್ದು."

"ಎಂತ ಹೇಳ್ತಿ ನೀನು? ಟೀ ಅಂದ್ರೆ ಚಾ. ಅದರಲ್ಲಿ ನೀನು ಎಲ್ಲಿಂದ ಬಂದೆ?"

"ಇಂಗ್ಲಿಷಿನಲ್ಲಿ ಹಾಗೆಯೇ ಹೇಳುದು. ಅವರನ್ನೇ ಕೇಳಿ."

ಅಪ್ಪ ಕೇಳಿದರು. ಅವನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಸಲೀಸಾಗಿ, "ಇಲ್ಲಪ್ಪ, ಚಾ ಕೇಳಿದ್ದೇ. ಕಾಫಿ ಕುಡಿದ್ರೆ ನನಗೆ ಪಿತ್ತ" ಎಂದ.

ಅಮ್ಮ ಬೆವರು ಒರೆಸುತ್ತ ಚಾ ತಂದಿಟ್ಟಳು. ಹೇಳಿದ ಸುಳ್ಳನ್ನು ಉಳಿಸಿಕೊಳ್ಳಲು ಅವನು ಅದನ್ನು ಚರಟದವರೆಗೂ ಕುಡಿದ. "ಲಾಯ್ಕ ಉಂಟು" ಎಂದು ಹೊಗಳಿದ ಬೇರೆ. ಆ ಲೋಟವನ್ನು ಕಸಿದು ಅವನ ಬಿಳಿ ಷರಟಿಗೆ ಸುರಿಯಬೇಕೆನಿಸಿತ್ತು.

ಅವರು ಹೋದ ಮೇಲೆ ಅಪ್ಪ ನನ್ನ ಮೇಲೆ ಹರಿಹಾಯ್ದರು. "ನಾಲ್ಕಕ್ಷರ ಕಲಿಸಿದ್ದು ಬಂದವರ ಮರ್ಯಾದೆ ತೆಗೀಲಿಕ್ಕಾ?" ಕೆಲವು ದಿನಗಳ ನಂತರ ಮಾವ ಉತ್ತರ ತಂದರು. ಹುಡುಗಿಗೆ ಬಾಯಿ ಜಾಸ್ತಿ, ಬೇಡವಂತೆ.

"ನೋಡಿದಿಯಾ?" ಎಂದರು ಅಪ್ಪ. "ಒಂದು ಚಾ ಕೇಳಿದ್ದಕ್ಕೆ ಕೈಗೆ ಬಂದ ಸಂಬಂಧ ಹಾಳು ಮಾಡಿದೆ." ಕೊನೆಯವರೆಗೂ ಅವರು ನಂಬಿದ್ದು ಅದನ್ನೇ. ಕಪ್ಪಿನೊಳಗಿನ ಚಹಾ ನಾನು ಹೇಗಾದೆನೆಂದು ಅವರಿಗೆ ತಿಳಿಸಲು ನನ್ನಿಂದ ಆಗಲಿಲ್ಲ.

ಮಾವ ಬಂದುಹೋದ ಸಂಜೆ ಅಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು, "ನೀನು ಹೇಳಿದ್ದು ಸರಿ ಮಗಾ. ಚಾ ಕೊಡುವಾಗ ನೋಡಿದೆ, ಆ ಗೆಳೆಯನಿಗೆ ನಗು ತಡೆಯಲಿಕ್ಕೆ ಆಗ್ತಿರ್ಲಿಲ್ಲ."

"ಮತ್ತೆ ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

ಅವಳು ಒಲೆ ಊದತೊಡಗಿದಳು.

ಪಂಜಕ್ಕೆ ಮದುವೆಯಾಗಿ ಹೋಗುವವರೆಗೂ ಅಪ್ಪನೊಡನೆ ಬೇಕಾದಷ್ಟೇ ಮಾತಾಡಿದೆ. ಅಮ್ಮನೊಡನೆ ಮೊದಲಿನ ಹಾಗೆಯೇ ಇದ್ದೆ. ಆದರೆ ಒಂದಿಷ್ಟು ಸಿಟ್ಟು ಅವಳ ಮೇಲೂ ಉಳಿಯಿತು.