ಗುರಪ್ಪನಿಗೆ ನಾನು ಕಲಿಸಿದ ಇಂಗ್ಲಿಷು

ಮೊನ್ನೆ ಬೆಳಿಗ್ಗೆ ಪತ್ರಿಕೆ ಕೊಡವಿದಾಗ ಅದರೊಳಗಿಂದ ಹಳದಿ ಚೀಟಿಯೊಂದು ಜಾರಿ ಬಿತ್ತು. ಲಾರಿ ಚಾಲಕರಾಗಲು ತರಬೇತಿಯಂತೆ. ಊಟ, ವಸತಿ, ಲೈಸೆನ್ಸು ಎಲ್ಲ ಕಂಪನಿಯದೇ. ಕಲಿತ ಮೇಲೆ ಇಂತಿಷ್ಟು ವರ್ಷ ಅಲ್ಲಿಯೇ ದುಡಿಯಬೇಕು. ಇಂಥ ಚೀಟಿಗಳು ನಮ್ಮ ಮನೆಯಲ್ಲಿ ಪಲ್ಯದ ಸೊಪ್ಪು ಸೋಸಲಿಕ್ಕೆ ಹೋಗುತ್ತವೆ. ಇದನ್ನೂ ಹಾಸಿ ಮೇಲೆ ಮೆಂತ್ಯದ ಸಿವುಡು ಬಿಚ್ಚಿದೆ. ಅರ್ಧ ಸೋಸಿರಬೇಕು, ಎಲೆಗಳ ಸಂದಿಯಿಂದ ‘ಕಣ್ಣಿನ ಪರೀಕ್ಷೆ ಕಡ್ಡಾಯ’ ಎಂಬ ಸಾಲು ಇಣುಕಿತು. ಆ ದಿನ ಪಲ್ಯದಲ್ಲಿ ಕಡ್ಡಿ ಬಹಳ ಉಳಿದಿತ್ತೆಂದು ಸೊಸೆ ಹೇಳಿದಳು. ಇದ್ದಿರಬಹುದು. ನಾನು ಗುರಪ್ಪನನ್ನು ನೆನೆಯುತ್ತಿದ್ದೆ.

ಗುರಪ್ಪ ನನ್ನ ಮೈದುನ. ಅತ್ತೆಯ ಮನೆ ಬಬಲೇಶ್ವರದಲ್ಲಿ. ನನ್ನ ಯಜಮಾನರು ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾದ್ದರಿಂದ ನಾವಿಬ್ಬರು ವಿಜಯಪುರದಲ್ಲಿ, ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ಅರವತ್ತರ ದಶಕದ ಆರಂಭ. ಬೆಳಗಾವಿಯ ಕಾನ್ವೆಂಟಿನಲ್ಲಿ ಮ್ಯಾಟ್ರಿಕ್ ಮುಗಿಸಿ ಬಂದ ನಾನು ಆ ಮನೆತನಕ್ಕೆಲ್ಲ ಒಬ್ಬಳೇ ಇಂಗ್ಲಿಷು. ಒಮ್ಮೆ ಎತ್ತಿನ ಔಷಧದ ಬಾಟಲಿ ತಂದು, ಕುಡಿಸುವುದೋ ಹಚ್ಚುವುದೋ ಎಂದು ಕೇಳಿದ್ದರು. ಹಚ್ಚುವುದು ಎಂದೆ. ಎತ್ತು ಬದುಕಿತು. ಅಂದಿನಿಂದ ನನ್ನ ಮಾತಿಗೆ ತೂಕ ಬಂತು. ಆ ತೂಕ ನನಗೂ ಸ್ವಲ್ಪ ರುಚಿಸಿತೆಂದು ಈಗ ಒಪ್ಪಿಕೊಳ್ಳಬೇಕು.

ಗುರಪ್ಪನಿಗೆ ಇಪ್ಪತ್ತು ತುಂಬಿದಾಗ ಲಾರಿಯ ಹುಚ್ಚು ಹಿಡಿಯಿತು. ಆಗ ಡ್ರೈವರ್ ಆಗಬೇಕೆಂದರೆ ಯಾವನಾದರೂ ಉಸ್ತಾದನ ಕೈಕೆಳಗೆ ಐದಾರು ವರ್ಷ ಕ್ಲೀನರ್ ಆಗಿ ಲಾರಿ ತೊಳೆಯಬೇಕು, ಸ್ಟೋವ್ ಹಚ್ಚಬೇಕು, ಬೈಸಿಕೊಳ್ಳಬೇಕು. ಆ ವರ್ಷವೇ ಸೋಲಾಪುರ ಕಡೆಯ ಒಂದು ಲಾರಿ ಕಂಪನಿ ಸ್ಟೇಷನ್ನಿನ ಆಚೆಯ ಮೈದಾನದಲ್ಲಿ ಹನ್ನೆರಡು ಜನರಿಗೆ ಡ್ರೈವಿಂಗ್ ಕಲಿಸುತ್ತೇವೆಂದು ಸಾರಿತು. ಆರು ತಿಂಗಳು ಖಾಕಿ ಬಟ್ಟೆ, ಊಟ, ಲೈಸೆನ್ಸು ಅವರದು. ಆಮೇಲೆ ನಾಲ್ಕು ವರ್ಷ ಅವರ ಲಾರಿಯನ್ನೇ ಓಡಿಸುತ್ತೇನೆಂದು ಬರೆದುಕೊಡಬೇಕು. ಯಜಮಾನರಿಗೆ ಎರಡೂ ಬೇಡವಾಗಿದ್ದವು.

“ನಮ್ಮ ಆಫೀಸಿನ್ಯಾಗ ಪ್ಯೂನ್ ಆಗಲೇ. ನೆರಳಿನ್ಯಾಗ ಕುಂಡ್ರತಿ,” ಎಂದರು.

“ಕುಂತು ಏನ್ ಮಾಡ್ಲಿ ಯಣ್ಣಾ?”

“ನಾ ಏನ್ ಮಾಡಾಕತ್ತೇನಿ?”

“ಅದನ್ನ ನೋಡೇ ಕೇಳಾಕತ್ತೇನಿ.”

ಯಜಮಾನರು ಪತ್ರಿಕೆಯನ್ನು ಮುಖದ ಮುಂದೆ ಎತ್ತಿಕೊಂಡರು. ಅದರ ಹಿಂದಿನಿಂದಲೇ, “ಅಷ್ಟ ಹುಚ್ಚ ಇದ್ರ ಕ್ಲೀನರ್ ಆಗು. ನಾಕು ವರ್ಷ ಬರದು ಕೊಡೂದು ಯಾಕ?” ಎಂದರು.

“ಉಸ್ತಾದ ಕಲಸೂದು ಅವಗ ಮನಸ್ಸು ಬಂದಾಗ. ಕಂಪನ್ಯಾಗ ಪರೀಕ್ಷಾ ಐತಿ. ಪರೀಕ್ಷಾಕ್ಕ ಮನಸ್ಸು ಇರಂಗಿಲ್ಲ.”

ಇಷ್ಟು ಚೆಂದದ ವಾದ ನಾನು ಆ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಅವನ ಪಕ್ಷ ಸೇರಿದೆ.

ಅರ್ಜಿ ಕೊಟ್ಟ ದಿನ ಕಂಪನಿಯ ಕಾರಕೂನ, “ಇಂಗ್ಲಿಷ್ ಅಕ್ಷರ ಬರ್ತಾವೇನು?” ಎಂದು ಕೇಳಿದನಂತೆ. ಗುರಪ್ಪ ನನ್ನನ್ನು ನೆನೆದು ಹೂಂ ಅಂದಿದ್ದ. ಎಂಟು ದಿನ ಬಿಟ್ಟು ಪರೀಕ್ಷೆ. ಗೋಡೆಗೆ ತೂಗುಹಾಕಿದ್ದ ಪಾಟಿಯನ್ನು ತೋರಿಸಿ, ಓದಬೇಕಾದ್ದು ಅದನ್ನೇ ಎಂದಿದ್ದರು. ಇವನು ಅದರ ಹತ್ತಿರ ಹೋಗಿ ನಿಂತು, ಇದ್ದದ್ದು ಇದ್ದಂತೆ ಕಾಗದದ ಮೇಲೆ ಇಳಿಸಿಕೊಂಡು ನನ್ನಲ್ಲಿಗೆ ತಂದ.

ನೋಡಿದೆ. ಮೇಲೆ ಒಂದೇ ದೊಡ್ಡ ಅಕ್ಷರ, ಅದರ ಕೆಳಗೆ ಎರಡು, ಆಮೇಲೆ ಮೂರು, ಹೀಗೆ ಇಳಿಯುತ್ತ ಇಳಿಯುತ್ತ ಕೊನೆಯ ಸಾಲು ಇರುವೆ ಹರಿದಂತೆ. ಎಲ್ಲಿಯೂ ಒಂದು ಶಬ್ದವಿಲ್ಲ. ಸಿಸ್ಟರುಗಳು ನಮಗೆ ಕಲಿಸಿದ ಇಂಗ್ಲಿಷಿನಲ್ಲಿ ಇಂಥ ಪಾಠ ಬಂದಿರಲಿಲ್ಲ. ಲಾರಿಯವರ ಇಂಗ್ಲಿಷು ಬೇರೆ ಇದ್ದೀತು ಎಂದುಕೊಂಡೆ. ನನಗೆ ತಿಳಿಯದ ಇಂಗ್ಲಿಷೂ ಇದೆಯೆಂದು ಆ ಮನೆಯಲ್ಲಿ ಹೇಳುವ ಪ್ರಸಂಗ ಇನ್ನೂ ಬಂದಿರಲಿಲ್ಲ. ತಂದುಕೊಳ್ಳುವ ಮನಸ್ಸೂ ನನಗಿರಲಿಲ್ಲ.

ಆ ಎಂಟು ದಿನ ಅವನು ನಮ್ಮಲ್ಲೇ ಉಳಿದ. ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದರೆ ಒಲೆಯ ಪಕ್ಕ ಕೂತು ಕಲಿಯುತ್ತಿದ್ದ. ಇ ಅಂದರೆ ತಲೆ ಬಾಚುವ ಹಣಿಗೆ, ಟಿ ಅಂದರೆ ಗುದ್ದಲಿ, ಓ ಅಂದರೆ ನನ್ನ ಕೈಯಲ್ಲಿದ್ದ ರೊಟ್ಟಿ. ಎಂಟು ದಿನಕ್ಕೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ನಡುವಿನ ಯಾವ ಸಾಲು ಕೇಳಿದರೂ ತಡೆಯಿಲ್ಲದೆ ಒಪ್ಪಿಸಿದ.

“ಒಂದ್ ಕಣ್ಣ ಮುಚ್ಚಿ ಹೇಳು ಅಂದ್ರು, ವೈನಿ. ಹೇಳಿದೆ. ಎರಡೂ ಮುಚ್ಚು ಅಂದಿದ್ರೂ ಹೇಳತಿದ್ದೆ!” ಎನ್ನುತ್ತ ಪಾಸಾಗಿ ಬಂದ. ನಾನು ಹೋಳಿಗೆ ಮಾಡಿದೆ. ಇಂಗ್ಲಿಷಿನ ಪರೀಕ್ಷೆಯಲ್ಲಿ ಕಣ್ಣೇಕೆ ಮುಚ್ಚಿಸುತ್ತಾರೆಂದು ನನಗೆ ಹೊಳೆಯಲಿಲ್ಲ. ಪರೀಕ್ಷೆ ಎಂದ ಮೇಲೆ ಏನಾದರೊಂದು ತ್ರಾಸು ಕೊಡುವುದು ಸಹಜ ತಾನೆ?

ಎರಡು ತಿಂಗಳು ಕಳೆದವು. ಒಂದು ರವಿವಾರ ತಿಕೋಟಾದಲ್ಲಿ ನಾದಿನಿಯ ಮಗುವಿನ ತೊಟ್ಟಿಲು. ಆಗ ತಿಕೋಟಾಕ್ಕೆ ಈಗಿನಷ್ಟು ದ್ರಾಕ್ಷಿ ಬಂದಿರಲಿಲ್ಲ, ದಾರಿಯುದ್ದಕ್ಕೂ ಜೋಳ. ರಜೆಯಲ್ಲಿದ್ದ ಗುರಪ್ಪ ಇಸ್ತ್ರಿ ಮಾಡಿದ ಖಾಕಿ ತೊಟ್ಟು ನನ್ನ ಜೊತೆಗೆ ಹೊರಟ. ಬಸ್ ಸ್ಟ್ಯಾಂಡಿನ ಆ ತುದಿಯಲ್ಲಿ ಒಂದು ಬಸ್ಸು ತಿರುಗಿತು.

“ನಮ್ದೇನು ನೋಡು,” ಎಂದೆ.

“ತಡೀರಿ, ಸನೇಕ ಬರ್ಲಿ.”

“ಬೋರ್ಡ್ ಐತಲ್ಲಪಾ.”

ಗುರಪ್ಪ ನಕ್ಕ. “ಇಷ್ಟ ದೂರಿಂದ ಬೋರ್ಡ್ ಯಾರಿಗೆ ಕಾಣಸ್ತೈತ್ರಿ ವೈನಿ? ಬಸ್ಸು ಕಾಣೂದ ಹೆಚ್ಚು.”

ನನಗೆ ಬೋರ್ಡು ಕಾಣುತ್ತಿತ್ತು. ಅದರ ಮೂಲೆಯಲ್ಲಿ ಯಾರೋ ಒರೆಸಿದ ಸುಣ್ಣವೂ ಕಾಣುತ್ತಿತ್ತು. ಜಗತ್ತಿನವರಿಗೆಲ್ಲ ತನ್ನಷ್ಟೇ ಕಾಣುತ್ತದೆಂದು ಅವನು ತಿಳಿದಿದ್ದ. ತಿಕೋಟಾ ಮುಟ್ಟುವುದರೊಳಗೆ, ಸಣ್ಣದಾಗುತ್ತ ಹೋಗುವ ಸಾಲುಗಳು, ಮುಚ್ಚಿಸಿದ ಕಣ್ಣು, ಎಲ್ಲವೂ ನನಗೆ ಅರ್ಥವಾದವು. ನಾನು ಕಲಿಸಿದ್ದು ಇಂಗ್ಲಿಷಲ್ಲ.

ಇನ್ನು ನಾಲ್ಕು ತಿಂಗಳಿಗೆ ಅವನು ಲಾರಿ ತೆಗೆದುಕೊಂಡು ರಸ್ತೆಗೆ ಇಳಿಯುವವನಿದ್ದ. ಎದುರಿಗೆ ಚಕ್ಕಡಿಗಳು, ಕುರಿ, ನೀರಿನ ಕೊಡ ಹೊತ್ತ ಹೆಂಗಸರು. ಹೇಳಿದರೆ ಅವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೋ ಯಾರಿಗೆ ಗೊತ್ತು. ಮರುದಿನ ಚಹಾದ ಹೊತ್ತಿಗೆ ಯಜಮಾನರಿಗೆ ಹೇಳಿದೆ. “ಡ್ರೈವರಿಕಿ ಬ್ಯಾಡ ಅಂತ ನಾ ಮೊದಲ ಹೇಳಿದ್ನಿಲ್ಲೋ,” ಎಂದು ಪುಟ ಮಗುಚಿದರು.

ಮಂಗಳವಾರ ಹಸಿರು ಛತ್ರಿ ಹಿಡಿದು ಮೈದಾನಕ್ಕೆ ನಡೆದೆ. ಗುರಪ್ಪನಿಗೆ ತಿಳಿಸದೆ ನೆಟ್ಟಗೆ ಅವರಿಗೆ ಕಲಿಸುವ ಉಸ್ತಾದ ಹುಸೇನಸಾಬರ ಹತ್ತಿರ ಹೋದೆ. ಬಿಳಿ ಮೀಸೆಯ ದೊಡ್ಡ ಮನುಷ್ಯ.

“ನಮ್ಮ ಗುರಪ್ಪಗ ದೂರಿಂದು ಕಾಣಂಗಿಲ್ರಿ,” ಎಂದೆ.

“ಏನಂತೀರಿ ಅಕ್ಕಾರ? ಪಾಟಿ ಫಡಾಫಡ್ ಓದ್ಯಾನ. ಕಾಣಲಾರದ ಹೆಂಗ ಓದಿದ?”

“ಗೊತ್ತಿಲ್ರಿ.”

ಕಾನ್ವೆಂಟಿನಲ್ಲಿ ಸುಳ್ಳು ಹೇಳಿದವರನ್ನು ಮೊಣಕಾಲೂರಿ ಕೂರಿಸುತ್ತಿದ್ದರು. ಅಂದು ನಾನು ನಿಂತೇ ಇದ್ದೆ.

ಹುಸೇನಸಾಬರು ನನ್ನನ್ನು ಅಲ್ಲೇ ಬಿಟ್ಟು ಹುಡುಗರತ್ತ ನಡೆದರು. ಉಳಿದ ಹನ್ನೊಂದು ಜನರ ಮುಂದೆಯೇ ಗುರಪ್ಪನನ್ನು ಕರೆದು ಮೈದಾನದಾಚೆಯ ಗೋಡೆಯತ್ತ ಕೈ ತೋರಿದರು. “ಆ ಗ್ವಾಡಿ ಮ್ಯಾಲ ಎಷ್ಟ ಆಡು ಅದಾವ, ಹೇಳಲೇ.”

“ಯಾವ ಗ್ವಾಡೀರಿ?”

ಹನ್ನೊಂದು ಜನ ಒಮ್ಮೆಲೇ ನಕ್ಕರು. “ಕಳ್ಳಾ! ಪಾಟಿ ಬಾಯಿಪಾಠ ಮಾಡಿ ಬಂದೀಯಲೇ! ಯಾರ್ ಕಲಿಸಿದ್ರು ಹೇಳು,” ಎಂದು ಉಸ್ತಾದರು ಗದರಿದರು.

ಗುರಪ್ಪ ನಾನಿದ್ದ ಕಡೆ ತಿರುಗಿದ. ಅಷ್ಟು ದೂರದಿಂದ ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಛತ್ರಿಯ ಹಸಿರು ಕಂಡಿರಬೇಕು. “ಯಾರೂ ಇಲ್ರಿ. ನಾನ ಕಲ್ತೀನಿ,” ಎಂದ.

ಅವನನ್ನು ಆ ತಂಡದಿಂದ ಬಿಟ್ಟರು. ಆದರೆ ಕೈ ಒಳ್ಳೆಯದಿದೆ ಎಂದು ಹುಸೇನಸಾಬರೇ ಕಂಪನಿಗೆ ಹೇಳಿ, ಕಣ್ಣಿಗೆ ಚಾಳೀಸು ಹಾಕಿಸಿ, ಮುಂದಿನ ತಂಡದಲ್ಲಿ ಮೊದಲಿನಿಂದ ಸೇರಿಸಿಕೊಂಡರು. ಚಾಳೀಸನ್ನು ತಲೆಯ ಹಿಂದೆ ದಾರದಿಂದ ಕಟ್ಟಿಕೊಂಡು ಮೂವತ್ತೈದು ವರ್ಷ ಲಾರಿ ಓಡಿಸಿದ. ಯಾರಿಗೂ ಒಂದು ತರಚು ಗಾಯ ಮಾಡಲಿಲ್ಲ. ಈ ಕಥೆಯನ್ನು ನಾನು ಮದುವೆ, ಮುಂಜಿವೆಗಳಲ್ಲಿ ಹೇಳುತ್ತ ಬಂದಿದ್ದೇನೆ. ಪ್ರತಿಸಲವೂ ಬಸ್ ಸ್ಟ್ಯಾಂಡಿನಿಂದ ಶುರುಮಾಡುತ್ತಿದ್ದೆ. ಕೇಳಿದವರು ನನ್ನ ಸೂಕ್ಷ್ಮ ನೋಟವನ್ನು ಹೊಗಳುತ್ತಿದ್ದರು.

ಮೊನ್ನೆ ಪಲ್ಯ ಒಲೆಗೇರಿಸಿ ಬಬಲೇಶ್ವರಕ್ಕೆ ಫೋನ್ ಮಾಡಿದೆ. “ಗುರಪ್ಪ, ಅವತ್ತ ನಿನಗ ಸಿಟ್ಟ ಬಂದಿತ್ತೇನು?” ಎಂದು ಕೇಳಿದೆ.

“ಇನ್ನೂ ಐತ್ರಿ ವೈನಿ,” ಎಂದ, ಹೊಲದ ಸುದ್ದಿ ಹೇಳಿದಷ್ಟು ಸಹಜವಾಗಿ. “ಉಸ್ತಾದಗ ಹೇಳಿದ್ದು ಚಲೋನ ಆತು. ಆದ್ರ ರವಿವಾರ ನಿಮ್ಮ ಮಗ್ಗಲಾಗ ನಿಂತಿದ್ನಲ್ಲ. ಮೊದಲ ನನಗ ಹೇಳಬೇಕಿತ್ತು.”

“ಹೇಳಬೇಕಿತ್ತು,” ಎಂದೆ. “ಕಲಿಸಿದಾಕಿ ನಾನ ಅಂತನೂ ಅಲ್ಲೇ ಹೇಳಬೇಕಿತ್ತು. ಈಗ ಏನ್ ಮಾಡ್ಲಪಾ?”

“ಆ ಹನ್ನೊಂದು ಮಂದ್ಯಾಗ ಇಬ್ಬರು ಇನ್ನೂ ಅದಾರ. ತಿಕೋಟಾದಾಗ. ಇವತ್ತಿಗೂ ನನಗ ಪಾಟಿಕಳ್ಳ ಅಂತಾರ್ರಿ.”

“ಅವರ ಫೋನ್ ನಂಬರ್ ಕೊಡು.”

“ಫೋನಿನ್ಯಾಗ ಬ್ಯಾಡ್ರಿ ವೈನಿ. ಅವತ್ತ ನೀವು ನಡಕೋತ ಬಂದಿದ್ರಿ.”

ಗುರುವಾರ ತಿಕೋಟಾಕ್ಕೆ ಹೋಗುತ್ತಿದ್ದೇನೆ. ಈ ಬಿಸಿಲಿನಲ್ಲಿ ಅಲ್ಲೇನು ಕೆಲಸ ಎಂದು ಸೊಸೆ ಕೇಳಿದಳು. ಅವಳಿಗೆ ಮೊದಲಿನಿಂದ ಹೇಳಿದೆ.